ಅಟ್ಟ, ಹೊಗೆ, ಬೂಷ್ಟು: ಮಂಗಳೂರಿನ ಹಳೆಯ ಮನೆಗಳಲ್ಲಿ ವಸ್ತುಗಳ ಕಾಪಿಡುವಿಕೆ

ಕರಾವಳಿಯ ವಸ್ತು ಸಂಸ್ಕೃತಿಯನ್ನು ಕುರಿತ ನಮ್ಮ ಅಧ್ಯಯನಗಳು ವಸ್ತುಗಳ ತಯಾರಿಕೆಗೂ ಬಳಕೆಗೂ ಕೊಟ್ಟಷ್ಟು ಗಮನವನ್ನು ಅವುಗಳ ಕಾಪಿಡುವಿಕೆಗೆ ಕೊಟ್ಟಿಲ್ಲ. ಕಲೆಂಬಿಯ ಕೆತ್ತನೆಯನ್ನು ವರ್ಣಿಸಿದವರಿದ್ದಾರೆ. ಆ ಕಲೆಂಬಿ ಮನೆಯ ಯಾವ ಗೋಡೆಯ ಬಳಿ, ನೆಲದಿಂದ ಎಷ್ಟು ಎತ್ತರದಲ್ಲಿ ಇತ್ತೆಂದು ಬರೆದಿಟ್ಟವರು ವಿರಳ. ಮಂಗಳೂರಿನಂತಹ ಊರಿನ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 70ನ್ನು ದಾಟಿ ಕೆಲವು ದಿನ ನಿಂತರೆ ಬಟ್ಟೆ, ಚರ್ಮ, ಕಾಗದಗಳಿಗೆ ಬೂಷ್ಟು ಹಿಡಿಯತೊಡಗುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಆ ಮಟ್ಟಕ್ಕಿಂತ ಕೆಳಗಿಳಿಯುವ ದಿನವೇ ಅಪರೂಪ. ಹಾಗಿದ್ದೂ ತಾಳೆಗರಿಯ ಕಟ್ಟುಗಳು, ಪಟ್ಟೆಸೀರೆಗಳು, ಯಕ್ಷಗಾನದ ವೇಷಭೂಷಣಗಳು ತಲೆಮಾರುಗಳ ಕಾಲ ಉಳಿದು ಬಂದುದು ಹೇಗೆ?

ಇದಕ್ಕೆ ವಾಡಿಕೆಯಾಗಿ ದೊರೆಯುವ ಉತ್ತರ ಕಹಿಬೇವು, ಬಜೆ, ಲಾವಂಚ, ಕರ್ಪೂರಗಳ ಪಟ್ಟಿ. ಮನೆಮದ್ದಿನ ಸಂಕಲನಗಳೆಲ್ಲ ಈ ಪಟ್ಟಿಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿಕೊಂಡು ಬಂದಿವೆ. ಆದರೆ ಜನರ ಮಾತಿನಲ್ಲಿ ‘ಹುಳ ಹಿಡಿಯುವುದು’ ಬೇರೆ, ‘ಬೂಷ್ಟು ಹಿಡಿಯುವುದು’ ಬೇರೆ. ಬೇವು ಬಜೆಗಳು ಮುಖ್ಯವಾಗಿ ಮೊದಲನೆಯದಕ್ಕೆ ಮದ್ದು. ತೇವ ತುಂಬಿದ ಪೆಟ್ಟಿಗೆಯೊಳಗೆ ಎಷ್ಟು ಬಜೆ ಇಟ್ಟರೂ ಬಟ್ಟೆಯ ತೇವ ಆರುವುದಿಲ್ಲ. ಬೂಷ್ಟಿಗೆ ಹಳೆಯ ಮನೆ ಕಂಡುಕೊಂಡ ಪರಿಹಾರವನ್ನು ಪದಾರ್ಥಗಳಲ್ಲಿ ಹುಡುಕುವುದಕ್ಕಿಂತ ಸ್ಥಳ ಮತ್ತು ಕಾಲಗಳಲ್ಲಿ ಹುಡುಕುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಮೊದಲು ಸ್ಥಳ. ಅಡುಗೆಮನೆಯ ಒಲೆಯ ನೇರ ಮೇಲಿನ ಅಟ್ಟವೇ ಮನೆಯ ಅತ್ಯಂತ ಒಣ ಜಾಗ. ಮಳೆಗಾಲದಲ್ಲೂ ದಿನಕ್ಕೆ ಹಲವು ಗಂಟೆ ಉರಿಯುತ್ತಿದ್ದ ಒಲೆಯ ಬಿಸಿ ಅಲ್ಲಿನ ಗಾಳಿಯ ತೇವಾಂಶವನ್ನು ತಗ್ಗಿಸುತ್ತಿತ್ತು. ಸೌದೆಯ ಹೊಗೆಯಲ್ಲಿರುವ ಫೀನಾಲ್ ಮೊದಲಾದ ಅಂಶಗಳು ಬೂಷ್ಟಿನ ಬೆಳವಣಿಗೆಗೆ ತಡೆಯೊಡ್ಡುತ್ತಿದ್ದುವು. ಅಕ್ಕಿಯ ಮುಡಿ, ಹುಣಸೆಹುಳಿ, ಬಿತ್ತನೆಯ ಬೀಜಗಳು ಅಲ್ಲಿಗೆ ಏರುತ್ತಿದ್ದುದು ಇದಕ್ಕಾಗಿಯೇ. ಬೈಹುಲ್ಲನ್ನು ಬಿಗಿದು ಕಟ್ಟಿದ, 42 ಸೇರು ಹಿಡಿಯುವ ಮುಡಿ ಗಟ್ಟಿಯಾಗಿದ್ದರೂ ಗಾಳಿಯಾಡುವ ಕಟ್ಟು. ಒಳಗಿನ ತೇವ ಹೊರಬರಲು ಅದರಲ್ಲಿ ದಾರಿಯಿತ್ತು. ಓಲೆಯ ಕಟ್ಟುಗಳನ್ನೂ ಅನೇಕ ಮನೆಗಳಲ್ಲಿ ಹೊಗೆ ತಾಗುವ ಕಡೆಯೇ ಇಡುತ್ತಿದ್ದರು. ಆ ಹೊಗೆಯಲ್ಲಿ ದಿನವಿಡೀ ದುಡಿದ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳು ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಯಾವ ಲೆಕ್ಕದಲ್ಲೂ ಬರೆದಿಲ್ಲ.

ಗೋಡೆ ಮತ್ತು ಮಾಡು ಇದೇ ವ್ಯವಸ್ಥೆಯ ಭಾಗಗಳು. ಮುರಕಲ್ಲು ನೀರನ್ನು ಹೀರುತ್ತದೆ. ಆದರೆ ಸುಣ್ಣದ ಗಾರೆ ಬಳಿದ ಗೋಡೆ ಹೀರಿದ ನೀರನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ; ಸುಣ್ಣದ ಕ್ಷಾರ ಬೂಷ್ಟಿಗೆ ಒಗ್ಗುವುದಿಲ್ಲ. ಮುಳಿಹುಲ್ಲಿನ ಮಾಡಿನ ಸಂದುಗಳಲ್ಲಿ ಹೊಗೆ ನುಸುಳಿ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಮಂಗಳೂರಿನ ಮಾಡುಗಳು ಕ್ರಮೇಣ ಬದಲಾದುವು. ಗಾರೆಯಿಲ್ಲದೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹೆಂಚು ಮಳೆಯನ್ನು ತಡೆಯಿತು, ಗಾಳಿಯನ್ನು ತಡೆಯಲಿಲ್ಲ. ಹೊಸ ಕೈಗಾರಿಕೆಯೊಂದು ಹಳೆಯ ಅಟ್ಟದ ಕೆಲಸವನ್ನು ಕೆಡಿಸದೆ ಮುಂದುವರಿಸಿದ ಈ ಪ್ರಸಂಗ ನಮ್ಮ ಕೈಗಾರಿಕಾ ಚರಿತ್ರೆಯಲ್ಲಿ ಸಾಕಷ್ಟು ಗಮನ ಪಡೆದಿಲ್ಲ.

ಇನ್ನು ಕಾಲ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಭೂತಕೋಲಗಳು ನಿಲ್ಲುತ್ತವೆ. ವೇಷಭೂಷಣಗಳು ಪೆಟ್ಟಿಗೆ ಸೇರುವುದೂ ಭೂತದ ಮುಗ, ಕಡ್ಸಲೆ, ಗಗ್ಗರಗಳು ಭಂಡಾರದ ಮನೆಯಲ್ಲಿ ಉಳಿಯುವುದೂ ಆಗಲೇ. ಇದನ್ನು ಧಾರ್ಮಿಕ ವಿಧಿನಿಷೇಧವೆಂದಷ್ಟೇ ವಿವರಿಸುವುದು ರೂಢಿ. ಆದರೆ ಬೆವರಿನಲ್ಲಿ ನೆನೆದ ಬಟ್ಟೆಯನ್ನು ಒಣಗಿಸಿ ಎತ್ತಿಡಲು ಮಳೆಗೆ ಮುನ್ನ ಸಿಗುವ ಕೊನೆಯ ಬಿಸಿಲು ಅದೇ. ಆಟಿಯ ಮಳೆಯ ನಡುವೆ ಒಮ್ಮೊಮ್ಮೆ ಇಣುಕುವ ಬಿಸಿಲು ಆನೆಯ ಬೆನ್ನನ್ನೂ ಸೀಳುವಷ್ಟು ಚುರುಕೆಂದು ತುಳುವರ ಗಾದೆ. ಆ ಬಿಸಿಲಿಗೆ ಪೆಟ್ಟಿಗೆಗಳ ಮುಚ್ಚಳ ತೆರೆಯುತ್ತಿದ್ದುವು. ಮಳೆ ಹಿಂದೆಗೆಯುವ ಹೊತ್ತಿಗೆ ನವರಾತ್ರಿ. ಪೂಜೆಗೆಂದು ಗ್ರಂಥಗಳು ಹೊರಬರುತ್ತವೆ, ಕಟ್ಟು ಬಿಚ್ಚಿ ಒರೆಸಿಕೊಳ್ಳುತ್ತವೆ. ಓದು ಬಾರದವರ ಮನೆಯಲ್ಲೂ ಓಲೆಯ ಕಟ್ಟಿಗೆ ವರ್ಷಕ್ಕೊಮ್ಮೆ ಗಾಳಿ ದೊರೆಯುತ್ತಿದ್ದುದು ಈ ಪೂಜೆಯಿಂದ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ವ್ಯವಸ್ಥೆ ಬಿಡಿಬಿಡಿಯಾಗಿ ಕಳಚಿತು. ಅಡುಗೆ ಅನಿಲ ಬಂದು ಅಟ್ಟ ತಣ್ಣಗಾಯಿತು. ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದು, ಮುರಕಲ್ಲು ಹೀರಿದ ನೀರಿಗೆ ಹೊರದಾರಿ ಮುಚ್ಚಿತು. ಕಾಲುಗಳ ಮೇಲೆ ನಿಂತು, ತೇವವನ್ನು ತಾನೇ ಹೀರಿ ಬಿಡುತ್ತಿದ್ದ ಹಲಸಿನ ಮರದ ಪೆಟ್ಟಿಗೆಯ ಬದಲು ಉಕ್ಕಿನ ಕಪಾಟು ಬಂತು, ಅದೂ ಹೊರಗೋಡೆಗೆ ಒತ್ತಿಕೊಂಡು. ಅದರೊಳಗೆ ಹಾಕುವ ನುಸಿಗುಳಿಗೆಯೂ ಬೇವಿನಂತೆ ಹುಳಕ್ಕೆ ಮದ್ದೇ ಹೊರತು ತೇವಕ್ಕಲ್ಲ.

ಈ ಬದಲಾವಣೆಯಲ್ಲಿ ಸೀರೆ ಕೆಟ್ಟರೆ ಮನೆಗಷ್ಟೇ ನಷ್ಟ. ಓಲೆ ಕೆಟ್ಟರೆ ಹಾಗಲ್ಲ. ವೆಂಕಟರಾಜ ಪುಣಿಂಚತ್ತಾಯರು ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದ ಮೇಲೆ ತುಳುವಿನ ಲಿಖಿತ ಪರಂಪರೆಯ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು, ಅದಕ್ಕೆ ಆಧಾರ ತಾಳೆಗರಿ. ಆದ್ದರಿಂದ ಹಸ್ತಪ್ರತಿಗಳ ಸೂಚಿಯಲ್ಲಿ ಗರಿಗಳ ಸಂಖ್ಯೆ, ಅಳತೆ, ಲಿಪಿಗಳ ಜೊತೆಗೆ, ಕಟ್ಟು ಮನೆಯ ಯಾವ ಭಾಗದಲ್ಲಿತ್ತು, ಅಲ್ಲಿ ಒಲೆ ಉರಿಯುವುದು ಎಂದಿನಿಂದ ನಿಂತಿತು ಎಂಬುದನ್ನೂ ದಾಖಲಿಸಬೇಕು. ಒಲೆ ಆರಿದ ಮನೆಗಳ ಕಟ್ಟುಗಳನ್ನು ಮೊದಲು ಪರಿಶೀಲಿಸಬೇಕು. ಸಂಗ್ರಹಕಾರ್ಯ ನವರಾತ್ರಿಯಿಂದ ಪತ್ತನಾಜೆಯೊಳಗೆ ನಡೆಯುವುದು ಲೇಸು. ಮಳೆಗಾಲದಲ್ಲಿ ತಂದ ಕಟ್ಟನ್ನು ನೆರಳಿನಲ್ಲಿ ಗಾಳಿಗೆ ಆರಿಸದೆ ಗ್ರಂಥಾಲಯದ ಮುಚ್ಚಿದ ಕಪಾಟಿನಲ್ಲಿಟ್ಟರೆ, ಅದರೊಂದಿಗೆ ಬಂದ ಬೂಷ್ಟು ಪಕ್ಕದ ಕಟ್ಟುಗಳಿಗೂ ಹಬ್ಬುತ್ತದೆ.