ಅಜ್ಜಿಯ ತೊಂಬತ್ತು ವರ್ಷ ಯಾವ ವರದಿಯಲ್ಲಿದೆ?

ಗದಗ-ಬೆಟಗೇರಿಯ ಹಳೇ ಮಂದಿಗೆ ‘ಜರ್ಮನ್ ದವಾಖಾನೆ’ ಎಂದರೆ ಸಾಕು, ದಾರಿ ತೋರಿಸುತ್ತಾರೆ. ಅದನ್ನು ಕಟ್ಟಿದ ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ. ಆದರೆ ಇಲ್ಲಿಗೆ ಬಂದ ಪಾದ್ರಿಗಳಲ್ಲಿ ಬಹಳಷ್ಟು ಜನ ಜರ್ಮನ್ನರು. 1834ರಲ್ಲಿ ಮಂಗಳೂರಿಗೆ ಬಂದವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ತಲುಪಿದರು.

ಈ ಇಸವಿಗಳು ನಮಗೆ ಗೊತ್ತಿರುವುದು ಪಾದ್ರಿಗಳು ವರದಿ ಬರೆದು ಕಳಿಸುತ್ತಿದ್ದರು ಎಂಬ ಕಾರಣಕ್ಕೆ. ಆ ಕಾಗದಗಳು ಬಾಸೆಲ್ಲಿನ ಪತ್ರಾಗಾರದಲ್ಲಿ ಇಂದಿಗೂ ಭದ್ರವಾಗಿವೆ. ಆದರೆ ಭಾನುವಾರ ತಪ್ಪದೆ ಆರಾಧನೆಗೆ ಹೋಗಿ, ರಾತ್ರಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಹೇಳಿಕೊಟ್ಟು, ತೊಂಬತ್ತು ದಾಟಿ ತೀರಿಕೊಂಡ ಅಜ್ಜಿಯ ಬಗ್ಗೆ ವರದಿ ಬರೆದವರು ಯಾರು?

ಅವಳ ಬದುಕು ಸಣ್ಣದೇನಲ್ಲ. 1920ರ ದಶಕದಲ್ಲಿ ಗದಗಿನಲ್ಲಿ ಹುಟ್ಟಿದವಳು ಮುಂಬಯಿ ಪ್ರಾಂತದವಳು. ಅದೇ ಕಾಲಕ್ಕೆ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಅಂದರೆ ಲಕ್ಷ್ಮೇಶ್ವರದಿಂದ ಸೊಸೆ ತಂದರೆ ಬೇರೆ ಆಡಳಿತದಿಂದ ತಂದಂತೆ! 1956ರಲ್ಲಿ ಅವಳು ಮೈಸೂರು ರಾಜ್ಯದವಳಾದಳು, 1973ರಲ್ಲಿ ಕರ್ನಾಟಕದವಳು. 1997ರಲ್ಲಿ ಗದಗ ಜಿಲ್ಲೆಯಾದಾಗ ಧಾರವಾಡ ಜಿಲ್ಲೆಯೂ ಬಿಟ್ಟುಹೋಯಿತು. ಅವಳು ಮಾತ್ರ ಮನೆ ಬದಲಿಸಿರಲಿಲ್ಲ.

ಸಭೆಯೂ ಹೀಗೇ ಬದಲಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ಹೊರಗೆ ಕಳಿಸಿತು. ಸಭೆ ಉಳಿಸಿಕೊಳ್ಳುವ ಹೊಣೆ ಹೆಚ್ಚಾಗಿ ಇಲ್ಲಿನವರ ಹೆಗಲಿಗೆ ಬಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಈ ಭಾಗದ ಬಾಸೆಲ್ ಮಿಶನ್ ಸಭೆಗಳೂ ಮುಂದೆ ಅದರೊಳಗೆ ಸೇರಿದವು. ದೊಡ್ಡವರ ಸಭೆಗಳಲ್ಲಿ ಇವೆಲ್ಲ ತೀರ್ಮಾನವಾಗುವಾಗ ಮನೆಯೊಳಗಿನ ಪ್ರಾರ್ಥನೆ ನಿಲ್ಲದಂತೆ ನೋಡಿಕೊಂಡವರಲ್ಲಿ ಇಂಥ ಅಜ್ಜಿಯರೇ ಮುಂದು.

ಅವರಿಗೆ ಓದು ಬಂದದ್ದೂ ಭಕ್ತಿಯ ದಾರಿಯಿಂದಲೇ. ಪ್ರತಿಯೊಬ್ಬರೂ ಸತ್ಯವೇದವನ್ನು ಸ್ವತಃ ಓದಬೇಕು ಎಂಬುದು ಪ್ರೊಟೆಸ್ಟೆಂಟರ ನಂಬಿಕೆ. ಹಾಗಾಗಿ ಮಿಶನ್ ಹುಡುಗಿಯರಿಗೂ ಶಾಲೆ ತೆರೆಯಿತು. ‘ಬೈಬಲ್ ಸ್ತ್ರೀಯರು’ ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದರು. ಅಕ್ಷರ ಕಲಿತದ್ದು ದೇವರಿಗಾಗಿ, ಆದರೆ ಅದೇ ಅಕ್ಷರದಲ್ಲಿ ಮಗನ ಕಾಗದವನ್ನೂ ಓದಬಹುದಿತ್ತು, ಅಂಗಡಿ ಲೆಕ್ಕವನ್ನೂ ನೋಡಬಹುದಿತ್ತು.

ಹಾಗಾದರೆ ಅಜ್ಜಿಯ ಇತಿಹಾಸ ಹುಡುಕುವುದೆಲ್ಲಿ? ಮೊದಲು ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆ ಪುಸ್ತಕಗಳಲ್ಲಿ. ಆಮೇಲೆ ಮನೆಯ ಹಳೇ ಸತ್ಯವೇದದಲ್ಲಿ. ಅದರ ಮೊದಲ ಹಾಳೆಯಲ್ಲಿ ಮಕ್ಕಳ ಹುಟ್ಟಿದ ದಿನ ಬರೆದಿಡುವ ರೂಢಿ ಹಲವು ಮನೆಗಳಲ್ಲಿದೆ. ಸಮಾಧಿ ಕಲ್ಲಿನ ಮೇಲಿನ ಎರಡು ತಾರೀಖುಗಳೂ ದಾಖಲೆಯೇ.

ಆದರೆ ಆ ಎರಡು ತಾರೀಖಿನ ನಡುವೆ ಏನಾಯಿತು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಬರಗಾಲದಲ್ಲಿ ಏನು ಉಂಡಳು, ಯಾವ ಕೂಸು ಕಳೆದುಕೊಂಡಳು, ಪಕ್ಕದ ಮನೆಯ ಹಬ್ಬಕ್ಕೆ ಏನು ಕೊಟ್ಟು ಕಳಿಸಿದಳು? ಇದು ಅವಳ ಬಾಯಲ್ಲಷ್ಟೇ ಇರುವ ಇತಿಹಾಸ. ನಿಮ್ಮ ಮನೆಯಲ್ಲಿ ಅಂಥ ಅಜ್ಜಿ ಇನ್ನೂ ಇದ್ದರೆ ಮೊಬೈಲ್ ರೆಕಾರ್ಡರ್ ಒತ್ತಿ, ಪಕ್ಕದಲ್ಲಿ ಕೂತು ಕೇಳಿ. ಈ ವಾರವೇ ಕೇಳಿ.