ಕಾಣದ ಬೆಳಕೂ ಜಮಖಂಡಿಯ ಗ್ರಹಣವೂ



1980ರ ಫೆಬ್ರುವರಿ 16, ಶನಿವಾರ. ಮಧ್ಯಾಹ್ನ ಸೂರ್ಯಗ್ರಹಣವೆಂದು ಹೊರ್ತಿಯ ಹಿರಿಯರು ಬಾಗಿಲು ಮುಚ್ಚಿ ಒಳಗೆ ಕುಳಿತಿದ್ದರು. ಆಗ ಪದವಿ ವಿದ್ಯಾರ್ಥಿಗಳಾಗಿದ್ದ ನಾನೂ ಗೆಳೆಯನೂ ಚಿಮಣಿ ದೀಪಕ್ಕೆ ಹಿಡಿದು ಮಸಿಗಟ್ಟಿಸಿದ ಗಾಜಿನ ಚೂರುಗಳೊಡನೆ ಮಾಳಿಗೆ ಏರಿದೆವು. ನಾನು ಅರೆಕ್ಷಣ ನೋಡಿ ಹೆದರಿ ಕಣ್ಣು ಕೆಳಗಿಳಿಸಿದೆ. ಅವನು ಬಹಳ ಹೊತ್ತು ನೋಡಿದ. ನೋವೇನೂ ಆಗಲಿಲ್ಲ. ಮರುದಿನ ಪುಸ್ತಕ ತೆರೆದಾಗ, ಓದಹೊರಟ ಅಕ್ಷರದ ಮೇಲೆಯೇ ಒಂದು ಮಬ್ಬು ಚುಕ್ಕೆ. ಅದು ಇಂದಿಗೂ ಅಳಿದಿಲ್ಲ.

ಮುಂದೆ ಬಿ.ಎಡ್. ಮುಗಿಸಿ ವಿಜ್ಞಾನ ಶಿಕ್ಷಕನಾದ ಮೇಲೆ, ಬೆಳಕಿನ ಪಾಠ ಬಂದಾಗಲೆಲ್ಲ ಆ ಚುಕ್ಕೆ ನೆನಪಾಗುತ್ತಿತ್ತು. ವಿಚಿತ್ರವೆಂದರೆ, ಕಾಣದ ಬೆಳಕಿನ ಚರಿತ್ರೆ ಆರಂಭವಾದದ್ದೂ ಸೂರ್ಯನನ್ನು ನೋಡಲು ಹಿಡಿದ ಗಾಜಿನಿಂದಲೇ. ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ ದೂರದರ್ಶಕಕ್ಕೆ ಬಗೆಬಗೆಯ ಬಣ್ಣದ ಗಾಜುಗಳನ್ನು ಜೋಡಿಸಿ ಸೂರ್ಯನನ್ನು ನೋಡುತ್ತಿದ್ದಾಗ, ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಬಿಸಿ ಹೆಚ್ಚಿರುವುದನ್ನು ಗಮನಿಸಿದರು. 1800ರಲ್ಲಿ ಅಶ್ರಗದಿಂದ ಬಿಸಿಲನ್ನು ಬಣ್ಣಗಳಾಗಿ ಹರಡಿ ಉಷ್ಣಮಾಪಕವಿಟ್ಟರು. ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಅದೇ ಅವಕೆಂಪು. ಮರುವರ್ಷ ಜರ್ಮನಿಯ ರಿಟ್ಟರ್, ನೇರಳೆಯಾಚೆಯ ಕತ್ತಲಲ್ಲಿಟ್ಟ ಸಿಲ್ವರ್ ಕ್ಲೋರೈಡ್ ಬೇಗನೆ ಕಪ್ಪಾಗುವುದನ್ನು ಕಂಡರು. ಅದು ನೇರಳಾತೀತ.

ಮೂರೂ ಒಂದೇ ಕುಲದ ಅಲೆಗಳು. ಭೇದವಿರುವುದು ತರಂಗಾಂತರದಲ್ಲಿ. ಸುಮಾರು 400ರಿಂದ 700 ನ್ಯಾನೋಮೀಟರುಗಳ ನಡುವಿನದು ಮಾತ್ರ ನಮಗೆ ಕಾಣುತ್ತದೆ. ಅದಕ್ಕಿಂತ ಉದ್ದನೆಯದು ಅವಕೆಂಪು, ಗಿಡ್ಡನೆಯದು ನೇರಳಾತೀತ. ತರಂಗಾಂತರ ಕಿರಿದಾದಷ್ಟೂ ಬೆಳಕಿನ ಪ್ರತಿ ಕಣದ ಶಕ್ತಿ ಹಿರಿದು. ಆದ್ದರಿಂದಲೇ ನೇರಳಾತೀತವು ಚರ್ಮದ ಜೀವಕೋಶಗಳನ್ನು ಕೆಡಿಸಬಲ್ಲದು. ಅವಕೆಂಪು ಮುಖ್ಯವಾಗಿ ಬಿಸಿಮಾಡುತ್ತದೆ.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಸೀಮೆಯಲ್ಲಿಯೇ ನಡೆಯಿತೆಂದರೆ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. 1868ರ ಆಗಸ್ಟ್ 18ರ ಪೂರ್ಣಗ್ರಹಣದ ನೆರಳು ವಿಜಯಪುರದ ಸುತ್ತಲಿನ ನೆಲದ ಮೇಲೆ ಹಾಯ್ದಿತು. ಅಂದು ಕೃಷ್ಣೆಯಾಚೆಯ ಜಮಖಂಡಿಯಲ್ಲಿ ರೋಹಿತದರ್ಶಕ ಹಿಡಿದು ನಿಂತಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಅದೇ ವಿಲಿಯಂ ಹರ್ಷೆಲರ ಮೊಮ್ಮಗ! ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂಬುದಕ್ಕೆ ಅದು ಸಾಕ್ಷಿಯಾಯಿತು. ಕಿತ್ತಳೆ ಗೆರೆ ಸೋಡಿಯಂನದೆಂದು ಅವರು ಭಾವಿಸಿದ್ದರು. ಅದು ಹೀಲಿಯಂನದೆಂದು ಮುಂದೆ ತಿಳಿಯಿತು. ಆ ಅನಿಲ ಭೂಮಿಯ ಮೇಲೆ ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ.

ಅಜ್ಜ ಕಾಣದ ಬೆಳಕನ್ನು ಕಂಡುಹಿಡಿದರು; ಮೊಮ್ಮಗ ಕಾಣುವ ಬೆಳಕನ್ನು ಓದಿದರು. ನನ್ನ ಗೆಳೆಯನಿಗೆ ತಿಳಿಯದೆ ಹೋದದ್ದು ಅಜ್ಜನ ಪಾಠ: ಗಾಜು ಕಣ್ಣಿಗೆ ಕಪ್ಪಾಗಿ ಕಂಡಮಾತ್ರಕ್ಕೆ ಅದು ಎಲ್ಲ ಕಿರಣಗಳನ್ನೂ ತಡೆಯಿತೆಂದಲ್ಲ. ಮಸಿಯೂ ಎಲ್ಲೆಡೆ ಒಂದೇ ಸಮನಾಗಿ ಕೂರುವುದಿಲ್ಲ. ಅಕ್ಷಿಪಟಲಕ್ಕೆ ನೋವಿನ ನರಗಳಿಲ್ಲ. ಸುಟ್ಟರೂ ಅದು ಕೂಗಿ ಹೇಳದು.

ಅದಕ್ಕೇ ಗ್ರಹಣದ ದಿನ ನಾನು ಮಕ್ಕಳನ್ನು ಬೇವಿನ ಮರದಡಿ ಕರೆದೊಯ್ಯುತ್ತಿದ್ದೆ. ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಪುಟ್ಟ ಅರೆಸೂರ್ಯ. ಸೂರ್ಯನಿಗೆ ಬೆನ್ನುಕೊಟ್ಟು ಗ್ರಹಣ ನೋಡುವ ಆ ಪಾಠವನ್ನು ನಮಗೆ ಯಾರಾದರೂ 1980ರಲ್ಲಿಯೇ ಹೇಳಿಕೊಟ್ಟಿದ್ದರೆ!