ಹೊಲಿಗೆ ನಿಲ್ಲುವ ತನಕ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಯಮತ್ತೂರು ಸೀಮೆ ಮೈಸೂರಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕೊಳ್ಳೇಗಾಲವೂ ಅದರ ಜೊತೆಗೇ ಹೋಯಿತು. 1956ರ ನವೆಂಬರ್ 1ರ ತನಕ ಆ ಕನ್ನಡ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜ್ಯಗಳ ಗಡಿ ಬದಲಾಯಿತು, ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋಗುವ ಹಾದಿ ಮಾತ್ರ ಬದಲಾಗಲಿಲ್ಲ. ಕೊಯಮತ್ತೂರು, ತಿರುಪ್ಪೂರುಗಳ ನೇಕಾರರ ಬೀದಿಗಳಲ್ಲಿ ದೇವಾಂಗರ ಕನ್ನಡ ಇಂದಿಗೂ ಕೇಳಿಸುತ್ತದೆ. ನೂಲಿನಿಂದ ಬೆಳೆದ ಈ ನಾಡಿನಲ್ಲಿಯೇ ಜಗತ್ತಿನ ಶಸ್ತ್ರವೈದ್ಯರು ಬಹುಕಾಲ ಅಂಜಿದ ಒಂದು ಶಸ್ತ್ರಚಿಕಿತ್ಸೆಯ ಇತಿಹಾಸ ಹೊಸ ತಿರುವು ಪಡೆಯಿತು.

ಜಠರದ ಹಿಂದೆ ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಅಂಗ ಮೇದೋಜೀರಕ ಗ್ರಂಥಿ. ಅದರ ತಲೆಯಲ್ಲಿ ಗೆಡ್ಡೆಯಾದರೆ ಪಿತ್ತನಾಳ ಮುಚ್ಚಿ ಕಾಮಾಲೆ ಕಾಣಿಸುತ್ತದೆ. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಇಷ್ಟನ್ನೂ ತೆಗೆದು, ಉಳಿದುದನ್ನು ಮತ್ತೆ ಕರುಳಿಗೆ ಕೂಡಿಸಬೇಕು. 1898ರಲ್ಲಿ ಇಟಲಿಯ ಕೊಡಿವಿಲ್ಲ ಇದಕ್ಕೆ ಕೈಹಾಕಿದ, ರೋಗಿ ಉಳಿಯಲಿಲ್ಲ. 1909ರಲ್ಲಿ ಬರ್ಲಿನ್ನಿನ ಕೌಶ್ ಎರಡು ಹಂತಗಳಲ್ಲಿ ಮಾಡಿ ಗೆದ್ದ. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಮೂವರು ರೋಗಿಗಳ ವರದಿ ಪ್ರಕಟಿಸಿದ ಮೇಲೆ ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು.

ವಿಪ್ಪಲನ ಮೊದಲ ರೋಗಿಯ ಸಾವನ್ನು ಇಲ್ಲಿ ಹೇಳಲೇಬೇಕು. ಒಳಗಿನ ಕೂಡಿಕೆಗೆ ಬಳಸಿದ್ದು ಕ್ಯಾಟ್‌ಗಟ್ ದಾರ, ಅಂದರೆ ಪ್ರಾಣಿಯ ಕರುಳಿನಿಂದ ಮಾಡಿದ್ದು. ಮಾಂಸವನ್ನು ಅರಗಿಸುವುದೂ ಮೇದೋಜೀರಕ ರಸದ ಕೆಲಸ. ಅದು ದಾರವನ್ನೂ ಅರಗಿಸಿತು, ಹೊಲಿಗೆ ಬಿಚ್ಚಿಕೊಂಡಿತು. ಮುಂದೆ ವಿಪ್ಪಲ್ ರೇಷ್ಮೆ ದಾರ ಹಿಡಿದ. ಆದರೆ ದಾರ ಬದಲಾದ ಮಾತ್ರಕ್ಕೆ ಸೋರಿಕೆ ನಿಲ್ಲಲಿಲ್ಲ. ಗ್ರಂಥಿ ಮೆತ್ತಗಿದ್ದು ನಾಳ ಸಣ್ಣದಾಗಿದ್ದರೆ ಹೊಲಿಗೆ ಕಚ್ಚಿಕೊಳ್ಳುವುದು ಕಷ್ಟ. ಹೊರಬಂದ ರಸ ಸುತ್ತಲ ರಕ್ತನಾಳದ ಗೋಡೆಯನ್ನೇ ಕೊರೆಯುತ್ತದೆ. 1970ರ ಹೊತ್ತಿಗೂ ಅನೇಕ ಕಡೆ ನಾಲ್ವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ಸಾಯುತ್ತಿದ್ದರು. ಇದನ್ನು ಕೈಬಿಟ್ಟು, ಗೆಡ್ಡೆಯನ್ನು ತೆಗೆಯದೆ ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡುವ ಬರಿಯ ಬೈಪಾಸ್ ಮಾಡುವುದೇ ಮೇಲು ಎಂದು ಆ ವರ್ಷ ಅಮೆರಿಕದ ಕ್ರೈಲ್ ಬರೆದ. 1993ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಕ್ಯಾಮರಾನ್ ತಂಡ ಸಾಲಾಗಿ 145 ರೋಗಿಗಳಲ್ಲಿ ಒಂದೂ ಸಾವಿಲ್ಲದೆ ಇದನ್ನು ನಡೆಸಿದ ವರದಿ ಬಂದಾಗ ಆ ವಾದ ತಣ್ಣಗಾಯಿತು.

ಆ ದಶಕದಲ್ಲೇ ಕೊಯಮತ್ತೂರಿನಲ್ಲಿ ಡಾ. ಸಿ. ಪಳನಿವೇಲು ಲ್ಯಾಪರೊಸ್ಕೋಪಿಯನ್ನು ಒಂದೊಂದಾಗಿ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ವಿಸ್ತರಿಸುತ್ತಿದ್ದರು. ನಾಮಕ್ಕಲ್ ಕಡೆಯ ರೈತ ಕುಟುಂಬದವರು; ಎಳೆಯ ವಯಸ್ಸಿನಲ್ಲಿ ಮಲೇಷ್ಯಾದ ತೋಟಗಳಲ್ಲಿ ಕೂಲಿ ಮಾಡಿ, ಮರಳಿ ಬಂದು ಓದಿ ವೈದ್ಯರಾದವರು. 2001ರಲ್ಲಿ ಪಂಕಜ ಮಿಲ್ ರಸ್ತೆಯಲ್ಲಿ ಜೆಮ್ ಆಸ್ಪತ್ರೆಯನ್ನು ಕಟ್ಟಿದರು. ಹೊಟ್ಟೆ ಸೀಳದೆ ಸಣ್ಣ ರಂಧ್ರಗಳ ಮೂಲಕ ವಿಪ್ಪಲ್ ಶಸ್ತ್ರಚಿಕಿತ್ಸೆ ಮಾಡಿದ 42 ರೋಗಿಗಳ ಅನುಭವವನ್ನು ಅವರ ತಂಡ 2007ರಲ್ಲಿ ಲೋಕದ ಮುಂದಿಟ್ಟಿತು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2017ರಲ್ಲಿ ಪ್ರಕಟವಾದ ಅವರ ಪರೀಕ್ಷೆ. 64 ರೋಗಿಗಳನ್ನು ಚೀಟಿ ಎತ್ತಿದಂತೆ ತಲಾ 32ರ ಎರಡು ಗುಂಪು ಮಾಡಿ, ತೆರೆದ ವಿಧಾನವನ್ನೂ ಲ್ಯಾಪರೊಸ್ಕೋಪಿಯನ್ನೂ ಎದುರುಬದುರು ನಿಲ್ಲಿಸಿದರು. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಿದ್ದ ಮಧ್ಯಮ ಅವಧಿ ತೆರೆದ ಗುಂಪಿನಲ್ಲಿ 13 ದಿನ, ಇನ್ನೊಂದರಲ್ಲಿ 7. ರಕ್ತನಷ್ಟವೂ ಕಡಿಮೆ. ತೊಡಕುಗಳಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ಗುಂಪುಗಳಲ್ಲೂ ಒಬ್ಬೊಬ್ಬರು ತೀರಿಕೊಂಡರು. ರಂಧ್ರದ ಗುಂಪಿನಲ್ಲೇ ಒಬ್ಬ ರೋಗಿ 52 ದಿನ ಆಸ್ಪತ್ರೆಯಲ್ಲಿರಬೇಕಾಯಿತು. ತಮ್ಮ ಕೈಚಳಕದ ವಿಧಾನವನ್ನೇ ಒರೆಗೆ ಹಚ್ಚಿ ಬಂದ ಫಲವನ್ನು ಬಂದಂತೆ ಬರೆದ ಆ ಪ್ರಾಮಾಣಿಕತೆಗೆ ತಲೆಬಾಗಬೇಕು. ಗಾಯ ಚಿಕ್ಕದಾದರೂ ಒಳಗಿನ ರಸ ಅದೇ ರಸ.

ಆದ್ದರಿಂದ ಈ ಕಥನದ ನಿಜವಾದ ರಣರಂಗ ಶಸ್ತ್ರಚಿಕಿತ್ಸೆಯ ನಂತರದ ವಾರ್ಡು. ಹೊಲಿಗೆಯ ಪಕ್ಕದಲ್ಲಿ ಬಿಟ್ಟ ಡ್ರೈನ್ ನಳಿಕೆಯಲ್ಲಿ ಇಳಿಯುವ ದ್ರವದ ಬಣ್ಣವನ್ನೂ ಅಳತೆಯನ್ನೂ ದಾದಿಯರು ದಿನವೂ ಬರೆದಿಡುತ್ತಾರೆ. ಮೂರನೆಯ ದಿನ ಅಥವಾ ಆಮೇಲೆ ಅದರಲ್ಲಿ ಅಮೈಲೇಸ್ ಕಿಣ್ವ ರಕ್ತದ ಸಹಜ ಮಿತಿಯ ಮೂರು ಪಟ್ಟು ಮೀರಿದರೆ ಸೋರಿಕೆ ಎಂದು 2005ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪು ಗೆರೆ ಎಳೆಯಿತು. ರೋಗಿಗೆ ಬಾಧೆ ಕೊಡದ ಸೋರಿಕೆಯನ್ನು 2016ರಲ್ಲಿ ಆ ಪಟ್ಟಿಯಿಂದ ಬೇರೆಯಿಟ್ಟಿತು. ಕಿಣ್ವ ಕಡಿಮೆಯಿದ್ದರೆ ನಳಿಕೆಯನ್ನು ಬೇಗ ತೆಗೆಯುತ್ತಾರೆ, ಏಕೆಂದರೆ ಸುಮ್ಮನೆ ಉಳಿದ ನಳಿಕೆ ಸೋಂಕಿಗೆ ದಾರಿ. ಕೀವು ನಿಂತಿದ್ದರೆ ಸಿ.ಟಿ. ನೋಡಿಕೊಂಡು ಚರ್ಮದ ಮೂಲಕವೇ ಹೊಸ ನಳಿಕೆ ಇಳಿಸುತ್ತಾರೆ. ಜಠರ ಮುಂದಕ್ಕೆ ತಳ್ಳದೆ ವಾಂತಿಯಾದರೆ ಮೂಗಿನ ನಳಿಕೆ, ಕರುಳಿಗೆ ನೇರ ಆಹಾರ, ತಾಳ್ಮೆ.

ಎಲ್ಲಕ್ಕಿಂತ ಭಯ ರಕ್ತಸ್ರಾವದ್ದು. ದೊಡ್ಡ ಸ್ರಾವಕ್ಕೆ ಮುನ್ನ ಎಷ್ಟೋ ಸಲ ನಳಿಕೆಯಲ್ಲಿ ಸ್ವಲ್ಪವೇ ಕೆಂಪು ಕಾಣಿಸಿ ನಿಂತುಬಿಡುತ್ತದೆ. ಅದನ್ನು ಕಂಡ ಕೂಡಲೇ ಸ್ಕ್ಯಾನ್ ಮಾಡಿ, ಅಪಧಮನಿಯೊಳಗಿಂದ ಸುರುಳಿ ತಂತಿ ತುಂಬಿ ಮುಚ್ಚಿದರೆ ಜೀವ ಉಳಿಯಬಹುದು. ನೆದರ್ಲೆಂಡ್ಸ್‌ನ 17 ಕೇಂದ್ರಗಳು ಇಂಥ ಎಚ್ಚರವನ್ನು ಲಿಖಿತ ಕ್ರಮವಾಗಿ ಪಾಲಿಸಿದಾಗ ಭಾರಿ ರಕ್ತಸ್ರಾವ, ಅಂಗವೈಫಲ್ಯ, ಸಾವು ಮೂರೂ ಸೇರಿ ಶೇ. 14ರಿಂದ ಶೇ. 8ಕ್ಕೆ ಇಳಿದವೆಂದು 2022ರಲ್ಲಿ ವರದಿಯಾಯಿತು. ಹೊಸ ಉಪಕರಣವಿಲ್ಲ, ಹೊಸ ಔಷಧವಿಲ್ಲ. ಹೊತ್ತಿಗೆ ಸರಿಯಾಗಿ ನೋಡಿದ್ದಷ್ಟೇ.

ಮನೆಯವರಿಗೆ ಈ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದರೆ, ರಂಧ್ರವೋ ಸೀಳೋ ಎಂಬುದಕ್ಕೆ ಮೊದಲು ಎರಡು ಪ್ರಶ್ನೆ ಕೇಳಿ: ಇಲ್ಲಿ ವರ್ಷಕ್ಕೆ ಎಷ್ಟು ಇಂಥವು ಮಾಡುತ್ತೀರಿ? ನಡುರಾತ್ರಿ ರಕ್ತ ಸುರಿದರೆ ರಕ್ತನಾಳ ಮುಚ್ಚುವ ತಜ್ಞರು ಬರುತ್ತಾರೆಯೇ? ಮನೆಗೆ ಬಂದ ಮೇಲೆ ಜ್ವರವೋ, ಕಪ್ಪು ಮಲವೋ, ನಳಿಕೆಯಲ್ಲಿ ಒಂದು ಚಮಚ ರಕ್ತವೋ ಕಂಡರೆ ಬೆಳಗಾಗುವ ತನಕ ಕಾಯಬೇಡಿ, ಆಗಲೇ ಹೊರಡಿ.